ಚೌಕಟ್ಟಿನಾಚೆಯ ಕುಟುಂಬಗಳು

2018ರ ಆಗಸ್ಟ್‌ನಲ್ಲಿ ಕ್ಯಾಥೊಲಿಕ್ ಧರ್ಮಸಭೆ ತನ್ನ ಒಂಬತ್ತನೆಯ ವಿಶ್ವ ಕುಟುಂಬ ಸಮಾವೇಶವನ್ನು ಡಬ್ಲಿನ್‌ನಲ್ಲಿ ನಡೆಸಿತು. 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ರೋಮ್‌ನಲ್ಲಿ ಆರಂಭಿಸಿದ ಪರಂಪರೆಯದು. ಕುಟುಂಬದ ಶುಭಸಂದೇಶವೇ ಜಗತ್ತಿನ ಸಂತಸ ಎಂಬುದು ಡಬ್ಲಿನ್ ಸಮಾವೇಶದ ಘೋಷಣೆ. ಸಂತಸಕ್ಕೆ ಯಾರ ತಕರಾರೂ ಇರಲಾರದು. ಆದರೆ ಯಾವುದು ಕುಟುಂಬ, ಯಾವುದು ಅಲ್ಲ ಎಂದು ತೀರ್ಪು ಕೊಡುವ ಅರ್ಹತೆ ಈ ಸಂಸ್ಥೆಗೆ ಉಳಿದಿದೆಯೆ? ಸಮಾವೇಶದ ಸಿದ್ಧತೆಗೆಂದು ಹೊರತಂದ ಕಿರುಹೊತ್ತಗೆಯಿಂದ ಸಲಿಂಗ ಜೋಡಿಗಳ ಚಿತ್ರಗಳನ್ನು ತೆಗೆದುಹಾಕಲಾಗಿತ್ತು. ಐರ್ಲೆಂಡಿನ ಮತದಾರರಾದರೋ 2015ರಲ್ಲೇ ಸಲಿಂಗ ವಿವಾಹವನ್ನು ತಮ್ಮ ಸಂವಿಧಾನದೊಳಕ್ಕೆ ಬರಮಾಡಿಕೊಂಡಿದ್ದರು.

ಆ ದೇಶದಲ್ಲಿ ಈ ಪ್ರಶ್ನೆ ಬರಿಯ ತತ್ತ್ವಚರ್ಚೆಯಲ್ಲ. ಗಾಲ್ವೇ ಕೌಂಟಿಯ ಟ್ಯೂಮ್ ಪಟ್ಟಣದಲ್ಲಿ ಬಾನ್ ಸೆಕೂರ್ ಧರ್ಮಭಗಿನಿಯರು 1925ರಿಂದ 1961ರವರೆಗೆ ಅವಿವಾಹಿತ ತಾಯಂದಿರನ್ನಿರಿಸುವ ಮನೆಯೊಂದನ್ನು ನಡೆಸಿದರು. ಹಣ ಕೊಟ್ಟದ್ದು ಸರ್ಕಾರ. ಆ ಹೆಂಗಸರನ್ನು ಪಾಪಿಗಳೆಂದು ಕಲಿಸಿದ್ದು ಧರ್ಮಸಭೆ. ಅಲ್ಲಿ ಸತ್ತ 796 ಮಕ್ಕಳ ಮರಣ ದಾಖಲೆಗಳನ್ನು ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್ ಹುಡುಕಿ ತೆಗೆದರು. ಹೂಳಿದ ದಾಖಲೆ ಮಾತ್ರ ಸಿಗಲಿಲ್ಲ. 2017ರಲ್ಲಿ ಸರ್ಕಾರಿ ಆಯೋಗವೊಂದು, ಕೊಳಚೆ ನೀರಿಗಾಗಿ ಕಟ್ಟಿದಂತೆ ತೋರುವ ನೆಲದಡಿಯ ಗೂಡುಗಳಲ್ಲಿ ಶಿಶುಗಳ ಅವಶೇಷಗಳನ್ನು ಕಂಡಿತು. ಬದುಕುಳಿದ ಎಷ್ಟೋ ಮಕ್ಕಳನ್ನು ಹೆತ್ತವರಿಂದ ಬಿಡಿಸಿ ದತ್ತು ಕೊಡಲಾಗಿತ್ತು. ಮನೆ ಮುರಿಯುವುದೆಂದರೆ ಇದಲ್ಲದೆ ಇನ್ನೇನು?

ಪೋಪ್ ಫ್ರಾನ್ಸಿಸ್ ಫೀನಿಕ್ಸ್ ಪಾರ್ಕಿನ ಬಲಿಪೂಜೆಯಲ್ಲಿ ಇದಕ್ಕೆಲ್ಲ ಕ್ಷಮೆ ಬೇಡಿದ್ದು ನಿಜ; ಅದನ್ನು ಹಗುರವಾಗಿ ಕಾಣಬೇಕಿಲ್ಲ. ಅದೇ ಹೊತ್ತಿನಲ್ಲಿ ಟ್ಯೂಮ್‌ನಲ್ಲಿ ನೆರೆದ ಜನ ಆ ಮಕ್ಕಳ ಹೆಸರುಗಳನ್ನು ಓದುತ್ತಿದ್ದರು. ಅಲ್ಲಿ ಪೂರ್ಣ ಪ್ರಮಾಣದ ಉತ್ಖನನ ಆರಂಭವಾದದ್ದು 2025ರಲ್ಲಿ.

ಗಾಲ್ವೇ ನಗರದ ಆಸ್ಪತ್ರೆಯಲ್ಲೇ 2012ರ ಅಕ್ಟೋಬರ್ 28ರಂದು ಬೆಳಗಾವಿಯ ಸವಿತಾ ಹಾಲಪ್ಪನವರ್ ತೀರಿಕೊಂಡರು. ಹದಿನೇಳು ವಾರಗಳ ಗರ್ಭ ಉಳಿಯದೆಂದು ವೈದ್ಯರಿಗೆ ಗೊತ್ತಿತ್ತು. ಭ್ರೂಣದ ಎದೆಬಡಿತ ನಿಂತಿಲ್ಲವೆಂಬ ಕಾರಣಕ್ಕೆ ಗರ್ಭಪಾತವನ್ನು ನಿರಾಕರಿಸಲಾಯಿತು, ನಂಜು ಮೈಗೇರಿತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತಾಡಿದ್ದಾಗಿ ಸಿಬ್ಬಂದಿಯೊಬ್ಬರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಮೂವತ್ತೊಂದು ವಯಸ್ಸಿನ ಆ ದಂತವೈದ್ಯೆ ವಿವಾಹಿತೆ. ಅದು ಅವರೂ ಪತಿಯೂ ಬಯಸಿದ್ದ ಮಗು. ಧರ್ಮಸಭೆ ಕೊಂಡಾಡುವ ಗಂಡ, ಹೆಂಡತಿ, ಕೂಸಿನ ಕುಟುಂಬವೇ ಅದು! 1983ರಲ್ಲಿ ಧರ್ಮಸಭೆಯ ಬೆಂಬಲದಿಂದ ಸಂವಿಧಾನ ಸೇರಿದ್ದ ಎಂಟನೆಯ ತಿದ್ದುಪಡಿ ಆ ಕುಟುಂಬವನ್ನೂ ಉಳಗೊಡಲಿಲ್ಲ. ಸಮಾವೇಶಕ್ಕೆ ಮೂರು ತಿಂಗಳ ಮುಂಚೆ, ಮತ ಹಾಕಿದವರಲ್ಲಿ ಶೇ. 66ರಷ್ಟು ಜನ ಆ ತಿದ್ದುಪಡಿಯನ್ನು ಕಿತ್ತೊಗೆದರು. ಅವರಲ್ಲಿ ಹೆಚ್ಚಿನವರು ಜ್ಞಾನಸ್ನಾನ ಪಡೆದ ಕ್ಯಾಥೊಲಿಕರೇ.

(ಇದನ್ನೋದಿ ಕಡಲಾಚೆಯ ಹಿಂದುತ್ವವಾದಿಗಳು ಹಿಗ್ಗಬೇಕಾಗಿಲ್ಲ. ಜಾತಿ ಮೀರಿ ಮದುವೆಯಾದ ಮಗಳಿಗೆ ಬಾಗಿಲು ಮುಚ್ಚುವವರ ಬಾಯಲ್ಲೂ ಇದೇ 'ಕುಟುಂಬ ಮೌಲ್ಯ'.)

ಡಬ್ಲಿನ್‌ನಿಂದ ಮರಳುವ ವಿಮಾನದಲ್ಲಿ, ಮಗ ಸಲಿಂಗಿಯೆಂದು ತಿಳಿದ ತಂದೆಗೆ ಏನು ಹೇಳುವಿರೆಂದು ಪತ್ರಕರ್ತರು ಕೇಳಿದರು. ಮಗನನ್ನು ತಳ್ಳಿಹಾಕಬಾರದು ಎಂದ ಪೋಪ್, ಎಳವೆಯಲ್ಲೇ ಗೊತ್ತಾದರೆ ಮನೋವೈದ್ಯಶಾಸ್ತ್ರದಿಂದ ಮಾಡಬಹುದಾದದ್ದು ಬಹಳವಿದೆ ಎಂದೂ ಸೇರಿಸಿದರು. ಮರುದಿನ ವ್ಯಾಟಿಕನ್ ಪ್ರಕಟಿಸಿದ ಪ್ರತಿಯಲ್ಲಿ ಮನೋವೈದ್ಯಶಾಸ್ತ್ರ ಎಂಬ ಪದ ಇರಲಿಲ್ಲ.