ಕೈಗುಣ ಒಂದೇ ಸಾಲದು

ದೇವದುರ್ಗದಿಂದ ದೊಡ್ಡ ಆಪರೇಷನ್ನಿಗೆ ರಾಯಚೂರಿಗೆ ಹೊರಟವರು ಮೊದಲು ವಿಚಾರಿಸುವುದು ಡಾಕ್ಟರ ಕೈಗುಣ. ಆದರೆ ವೃದ್ಧರು, ಸಕ್ಕರೆ ಕಾಯಿಲೆ, ಹೃದ್ರೋಗ, ರಕ್ತಹೀನತೆ ಇರುವವರು ಅದನ್ನೊಂದೇ ನಂಬಿ ಕೂರುವಂತಿಲ್ಲ.

ಬೀಡಿಯನ್ನು ನಾಲ್ಕು ವಾರ ಮೊದಲೇ ಬಿಟ್ಟರೆ ಉಸಿರಾಟದ ತೊಂದರೆ ತಗ್ಗುತ್ತದೆ, ಗಾಯ ಚೆನ್ನಾಗಿ ಮಾಯುತ್ತದೆ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಅರಿವಳಿಕೆ ವೈದ್ಯರಿಗೆ ತೋರಿಸಿ. ‘ಪಾಪ, ಹಸಿದಾನ’ ಎಂದು ಕದ್ದು ತುತ್ತು ತಿನ್ನಿಸಬೇಡಿ. ಅರಿವು ತಪ್ಪಿದಾಗ ಅದು ಮೇಲೆ ಬಂದು ಶ್ವಾಸಕೋಶ ಸೇರೀತು.

ಆಪರೇಷನ್ ಕೋಣೆಗಾಗಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಪಟ್ಟಿ ಹೊರಡಿಸಿತು: ರೋಗಿ ಯಾರು, ಕೊಯ್ಯುವ ಜಾಗ ಯಾವುದು ಎಂದು ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು.

ಆಪರೇಷನ್ ಆದಮೇಲೆ ಮಂಚ ಬಿಡದಿದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೀತು. ವೈದ್ಯರು ಹೇಳಿದೊಡನೆ ಎಬ್ಬಿಸಿ ನಡೆಸಿ. ಆ ಕೆಲಸ ಮನೆಯವರದೇ.