ಕೀಲಿಮಣೆಗೆ ಎರಡು ಕೈ ಕಡ್ಡಾಯವೇ?

ಮೊನ್ನೆ ಬೇಡಕಿಹಾಳಕ್ಕೆ ಹೋಗಿದ್ದೆ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಬಲಗೈ ಕಳ್ಕೊಂಡ ಗೆಳೆಯ ಈಗ ಕಂಪ್ಯೂಟರ್ ಕಲೀತಿದಾನೆ. "ನಮ್ಮೂರ ಹೆಸರ ಬರ್ಯಾಕ ಕೈ ತಿರುಚ್ಬೇಕಲ್ಲೋ" ಅಂದ. ಎಣಿಸಿದೆ. ನುಡಿ ವಿನ್ಯಾಸದಲ್ಲಿ 'ಬೇಡಕಿಹಾಳ' ಬರೆಯೋಕೆ ಮೂರು ಸಲ ಶಿಫ್ಟ್ ಹಿಡೀಬೇಕು: 'ಬೇ'ಯ ದೀರ್ಘಕ್ಕೆ, 'ಹಾ'ದ ದೀರ್ಘಕ್ಕೆ, 'ಳ'ಕ್ಕೆ.

ಇನ್‌ಸ್ಕ್ರಿಪ್ಟ್ ಮೇಲೋ ನುಡಿ ಮೇಲೋ ಅಂತ ನಾವು ಬ್ಲಾಗಿಗರು ಕಿತ್ತಾಡಿದ್ದೇ ಕಿತ್ತಾಡಿದ್ದು. ಒಂದೇ ಕೈ ಇರುವವನು ಹೇಗೆ ಒತ್ತುತ್ತಾನೆ ಅಂತ ಯಾರಾದ್ರೂ ಕೇಳಿದ್ವಾ? ಇಂಜಿನಿಯರ್ ಆದ ನಾನೂ ಕೇಳಿರಲಿಲ್ಲ!

ಮೊದಲ ಪರಿಹಾರಕ್ಕೆ ಕಾಸೂ ಬೇಡ. ವಿಂಡೋಸ್ 95ರಿಂದಲೂ ಸ್ಟಿಕಿ ಕೀಸ್ ಇದೆ. ಶಿಫ್ಟ್ ಐದು ಸಲ ಒತ್ತಿದ್ರೆ ಬರೋ, ನಾವು ಬೈದು ಮುಚ್ಚೋ ಕಿಟಕಿ ಅದೇ! ಅದು ಆನ್ ಇದ್ರೆ ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಬಹುದು. ಗೆಳೆಯನಿಗೆ ಕಲಿಸಿದವರು ಇದನ್ನು ಹೇಳೇ ಇಲ್ಲ.

"ಈಗ ಮಾತಾಡಿದ್ರೆ ಸಾಕಲ್ಲ" ಅನ್ಬೇಡಿ. ಗದ್ದಲದ ಆಫೀಸಲ್ಲಿ ಪಾಸ್‌ವರ್ಡ್ ಕೂಗಿ ಹೇಳ್ತೀರಾ?

ಕನ್ನಡ ತಂತ್ರಾಂಶ ಬರೆಯೋ ಮಿತ್ರರೇ, ಇದು ಕರುಣೆಯ ಮಾತಲ್ಲ. ಎಲ್ಲರೂ ಬಳಸಬಲ್ಲ ವಿನ್ಯಾಸ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಬಿಡುಗಡೆಗೆ ಮುಂಚೆ ಒಂದು ಕೈ ಬೆನ್ನ ಹಿಂದಿಟ್ಟು ನಿಮ್ಮೂರ ಹೆಸರು ಟೈಪಿಸಿ ನೋಡಿ. ಆಮೇಲೆ ಜಗಳ ಮುಂದುವರಿಸೋಣ...