ಪೆಪ್ಟೈಡ್: ಪ್ರಯೋಗಾಲಯದಿಂದ ಊಟದ ತಟ್ಟೆಗೆ

ನಮ್ಮ ಆಹಾರದ ಚರ್ಚೆಯಲ್ಲಿ 2024ನೇ ಇಸವಿಯನ್ನು ಪ್ರೋಟೀನಿನ ವರ್ಷವೆಂದೇ ಕರೆಯಬಹುದು. ಆ ವರ್ಷದ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ತನ್ನ ಪರಿಷ್ಕೃತ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲೆಂದು ಪ್ರೋಟೀನ್ ಪುಡಿ ಸೇವಿಸುವ ಅಭ್ಯಾಸವನ್ನು ಬಿಡುವುದು ಲೇಸೆಂದು ಹೇಳಿತು. ಆಗಸ್ಟ್ 21ರಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಹಾಲಿನ ಪೊಟ್ಟಣಗಳ ಮೇಲಿನ ‘ಎ1’, ‘ಎ2’ ಎಂಬ ಹಣೆಪಟ್ಟಿಗಳನ್ನು ತೆಗೆಯಬೇಕೆಂದು ಸೂಚಿಸಿ, ಐದೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಡಿಸೆಂಬರಿನಲ್ಲಿ ಕರ್ನಾಟಕ ಹಾಲು ಮಹಾಮಂಡಳವು ಹಾಲೊಡಕಿನ ಪ್ರೋಟೀನ್ ಬೆರೆಸಿದ ಇಡ್ಲಿ-ದೋಸೆ ಹಿಟ್ಟನ್ನು ಬೆಂಗಳೂರಿನ ಮಾರುಕಟ್ಟೆಗೆ ತಂದಿತು. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ಮೂರೂ ಸಂಗತಿಗಳ ಹಿಂದೆ ಒಂದೇ ಪ್ರಶ್ನೆಯಿದೆ: ಪ್ರೋಟೀನ್ ಎಂಬುದು ಆಹಾರವೋ, ಔಷಧವೋ?

ಈ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸುವ ಹೊಸ ಸರಕು ಈಗ ಅಂಗಡಿಗಳ ಕಪಾಟು ಏರಿದೆ. ಅದರ ಹೆಸರು ಪೆಪ್ಟೈಡ್. ಸ್ನಾಯುವಿಗೆ, ಚರ್ಮಕ್ಕೆ, ಕೀಲಿಗೆ, ರಕ್ತದೊತ್ತಡಕ್ಕೆ ಎಂದು ಬಗೆಬಗೆಯ ಹೆಸರಿನಲ್ಲಿ ಇದು ಮಾರಾಟವಾಗುತ್ತಿದೆ. ಇದರ ಹಿಂದಿರುವ ವಿಜ್ಞಾನ ಸುಳ್ಳಲ್ಲ. ಆದರೆ ವಿಜ್ಞಾನ ಹೇಳುವುದಕ್ಕೂ ಡಬ್ಬಿಯ ಮೇಲಿನ ಅಕ್ಷರಗಳು ಹೇಳುವುದಕ್ಕೂ ಇರುವ ಅಂತರವನ್ನು ಅರಿಯದೆ ಹೋದರೆ ನಷ್ಟವಾಗುವುದು ಗ್ರಾಹಕನ ಜೇಬಿಗೆ ಮಾತ್ರವಲ್ಲ, ಸಾರ್ವಜನಿಕ ಪೋಷಣಾ ನೀತಿಗೂ.

ಪ್ರೋಟೀನ್ ಎಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಉದ್ದನೆಯ ಸರ. ಈ ಸರವನ್ನು ಅಲ್ಲಲ್ಲಿ ಕತ್ತರಿಸಿದಾಗ ಸಿಗುವ ಪುಟ್ಟ ತುಣುಕುಗಳೇ ಪೆಪ್ಟೈಡ್‌ಗಳು. ನಾವು ಉಂಡ ಬೇಳೆಯನ್ನೋ ಮೊಟ್ಟೆಯನ್ನೋ ಜಠರದ ಪೆಪ್ಸಿನ್, ಸಣ್ಣಕರುಳಿನ ಟ್ರಿಪ್ಸಿನ್ ಮುಂತಾದ ಕಿಣ್ವಗಳು ಹೀಗೆಯೇ ಕತ್ತರಿಸುತ್ತವೆ. ಎರಡು ಅಥವಾ ಮೂರು ಅಮೈನೋ ಆಮ್ಲಗಳ ತುಣುಕುಗಳನ್ನು ಹಾಗೆಯೇ ಒಳಗೆಳೆದುಕೊಳ್ಳುವ ಪ್ರತ್ಯೇಕ ವ್ಯವಸ್ಥೆ ಕರುಳಿನ ಗೋಡೆಯಲ್ಲಿದೆ. ಕಾರ್ಖಾನೆಯಲ್ಲಿ ನಡೆಯುವುದೂ ಇದೇ ಕೆಲಸ. ಸೋಯಾ, ಹಾಲು, ಮೀನು ಅಥವಾ ಮೆಕ್ಕೆಜೋಳದ ಪ್ರೋಟೀನನ್ನು ನೀರಿನಲ್ಲಿ ಕರಗಿಸಿ, ಸೂಕ್ಷ್ಮಜೀವಿಗಳಿಂದಲೋ ಪಪ್ಪಾಯಿಯ ಹಾಲಿನಿಂದಲೋ ಪಡೆದ ಕಿಣ್ವವನ್ನು ಬೆರೆಸಿ, ಉಷ್ಣತೆ, ಆಮ್ಲೀಯತೆ ಮತ್ತು ಕಾಲಾವಧಿಯನ್ನು ಹದದಲ್ಲಿಟ್ಟು ಕತ್ತರಿಸಲಾಗುತ್ತದೆ. ಬಳಿಕ ಶೋಧಿಸಿ, ಒಣಗಿಸಿ ಪುಡಿ ಮಾಡಲಾಗುತ್ತದೆ. ಯಾವ ಕಿಣ್ವ, ಎಷ್ಟು ಹೊತ್ತು ಎಂಬುದರ ಮೇಲೆ ತುಣುಕುಗಳ ಗುಣ ನಿಂತಿದೆ. ಹೆಚ್ಚು ಕತ್ತರಿಸಿದರೆ ಕಹಿ. ಈ ಕಹಿಯನ್ನು ನೀಗುವುದೇ ಉದ್ಯಮದ ದೊಡ್ಡ ತಲೆನೋವು.

ಈ ವಿದ್ಯೆಯಿಂದ ನಿಜವಾದ ಉಪಕಾರವಾಗಿರುವ ಕ್ಷೇತ್ರಗಳಿವೆ. ಹಸುವಿನ ಹಾಲಿನ ಪ್ರೋಟೀನ್ ಒಗ್ಗದ ಶಿಶುಗಳಿಗೆ, ಆ ಪ್ರೋಟೀನನ್ನು ಚೆನ್ನಾಗಿ ಕತ್ತರಿಸಿ ತಯಾರಿಸಿದ ಆಹಾರವನ್ನು ವೈದ್ಯರು ಬಹುಕಾಲದಿಂದ ಸೂಚಿಸುತ್ತ ಬಂದಿದ್ದಾರೆ. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುವ್ಯಾಧಿಯುಳ್ಳ ಮಕ್ಕಳ ದೇಹಕ್ಕೆ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲವನ್ನು ಅರಗಿಸುವ ಶಕ್ತಿಯಿಲ್ಲ. ಚೀಸ್ ತಯಾರಿಕೆಯಲ್ಲಿ ಹಾಲೊಡಕಿಗೆ ಸೇರಿಹೋಗುವ ಒಂದು ಪೆಪ್ಟೈಡ್‌ನಲ್ಲಿ ಆ ಆಮ್ಲವೇ ಇಲ್ಲವಾದ್ದರಿಂದ, ಶುದ್ಧೀಕರಿಸಿದ ಬಳಿಕ ಅಂಥವರ ಆಹಾರದಲ್ಲಿ ಅದನ್ನು ಬಳಸಲಾಗುತ್ತಿದೆ. ಯಕೃತ್ತು ಕೆಟ್ಟು ಮಿದುಳು ಮಂಕಾದ ರೋಗಿಗಳ ರಕ್ತದಲ್ಲಿ ಲ್ಯೂಸಿನ್‌ನಂಥ ಕವಲು ಅಮೈನೋ ಆಮ್ಲಗಳು ತಗ್ಗಿ, ಟೈರೋಸಿನ್‌ನಂಥವು ಏರಿರುತ್ತವೆಂಬುದನ್ನು ಅಮೆರಿಕದ ಶಸ್ತ್ರವೈದ್ಯ ಜೋಸೆಫ್ ಫಿಷರ್ 1970ರ ದಶಕದಲ್ಲಿ ಎತ್ತಿ ತೋರಿಸಿದರು. ಲ್ಯೂಸಿನ್ ಹೇರಳವಾಗಿರುವ ಮೆಕ್ಕೆಜೋಳದ ಪ್ರೋಟೀನಿನಿಂದ ಇಂಥ ರೋಗಿಗಳಿಗೆ ಹೊಂದುವ ಪೆಪ್ಟೈಡ್ ತಯಾರಿಸುವ ಸಂಶೋಧನೆ ಅಲ್ಲಿಂದಲೇ ಚಿಗುರಿದ್ದು. ಕವಲು ಅಮೈನೋ ಆಮ್ಲಗಳ ಸೇವನೆಯಿಂದ ಮಿದುಳಿನ ಮಂಕು ತಗ್ಗಬಹುದಾದರೂ ಸಾವಿನ ಪ್ರಮಾಣ ತಗ್ಗಿದ್ದಕ್ಕೆ ಪುರಾವೆಯಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಈ ಮೂರೂ ಸಂದರ್ಭಗಳಲ್ಲಿ ರೋಗ ಯಾವುದೆಂದು ಗೊತ್ತು, ರೋಗಿ ಯಾರೆಂದು ಗೊತ್ತು, ವೈದ್ಯರ ನಿಗಾ ಇದೆ.

ಆರೋಗ್ಯವಂತರಿಗೆ ಮಾರುವ ಪೆಪ್ಟೈಡ್‌ಗಳ ಕಥೆ ಬೇರೆ. ರಕ್ತದೊತ್ತಡದ ಉದಾಹರಣೆಯನ್ನೇ ನೋಡೋಣ. 1960ರ ದಶಕದಲ್ಲಿ ಬ್ರೆಜಿಲ್‌ನ ಸೆರ್ಜಿಯೊ ಫೆರೇರಾ ಅಲ್ಲಿನ ಜರರಾಕಾ ಹಾವಿನ ವಿಷದಲ್ಲಿ, ರಕ್ತನಾಳಗಳನ್ನು ಸಡಿಲಿಸುವ ಬ್ರಾಡಿಕೈನಿನ್ ಎಂಬ ವಸ್ತುವಿನ ಪ್ರಭಾವವನ್ನು ಹೆಚ್ಚಿಸುವ ಪೆಪ್ಟೈಡ್‌ಗಳನ್ನು ಗುರುತಿಸಿದರು. ರಕ್ತದೊತ್ತಡ ಏರಿಸುವ ಕಿಣ್ವವೊಂದನ್ನು ಇವು ತಡೆಯುತ್ತವೆಂಬುದು ಬಳಿಕ ತಿಳಿಯಿತು. ಆದರೆ ಆ ಪೆಪ್ಟೈಡನ್ನು ಬಾಯಿಯ ಮೂಲಕ ಕೊಟ್ಟರೆ ಪ್ರಯೋಜನವಾಗಲಿಲ್ಲ. ಅದರ ಜಾಡಿನಲ್ಲೇ ರೂಪಿಸಿದ ಕ್ಯಾಪ್ಟೊಪ್ರಿಲ್ ಎಂಬ ಪುಟ್ಟ ಅಣು 1981ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮಾನ್ಯತೆ ಪಡೆಯಿತು. ಅದೇ ಕಿಣ್ವವನ್ನು ತಡೆಯುವ ಎರಡು ತುಣುಕುಗಳನ್ನು ಜಪಾನಿನ ವಿಜ್ಞಾನಿಗಳು 1990ರ ದಶಕದಲ್ಲಿ ಹುದುಗಿಸಿದ ಹುಳಿಹಾಲಿನಲ್ಲಿ ಕಂಡರು. ಆರೋಗ್ಯದ ವಿಶೇಷ ಆಹಾರಗಳಿಗೆ ಪರವಾನಗಿ ನೀಡುವ ವ್ಯವಸ್ಥೆಯನ್ನು 1991ರಲ್ಲೇ ಜಾರಿಗೆ ತಂದಿದ್ದ ಜಪಾನ್ ಈ ಪಾನೀಯಕ್ಕೂ ಮನ್ನಣೆ ಕೊಟ್ಟಿತು. ಜಪಾನಿನ ಪ್ರಯೋಗಗಳಲ್ಲಿ ರಕ್ತದೊತ್ತಡ ತಕ್ಕಮಟ್ಟಿಗೆ ಇಳಿದಿತ್ತು. ನೆದರ್‌ಲೆಂಡ್ಸ್, ಡೆನ್ಮಾರ್ಕ್‌ಗಳಲ್ಲಿ ಅದೇ ತುಣುಕುಗಳನ್ನು ಪರೀಕ್ಷಿಸಿದಾಗ ಅಂಥ ಪರಿಣಾಮ ಕಾಣಲಿಲ್ಲ. 2012ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು, ಈ ಪೆಪ್ಟೈಡ್‌ಗಳಿಗೂ ರಕ್ತದೊತ್ತಡಕ್ಕೂ ಕಾರ್ಯ-ಕಾರಣ ಸಂಬಂಧ ಸಿದ್ಧವಾಗಿಲ್ಲವೆಂದು ತೀರ್ಪಿತ್ತಿತು.

ಗಮನಿಸಬೇಕಾದುದೇನೆಂದರೆ, ಪೆಪ್ಟೈಡ್‌ಗಳ ಪೈಕಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ತುಣುಕುಗಳ ಸ್ಥಿತಿಯೇ ಹೀಗಿದೆ. ಪ್ರನಾಳದಲ್ಲಿ ಕಿಣ್ವವೊಂದನ್ನು ತಡೆದ ತುಣುಕು ಜಠರದ ಆಮ್ಲವನ್ನು ದಾಟಿ, ಕರುಳಿನ ಕಿಣ್ವಗಳಿಂದ ಪಾರಾಗಿ, ಸಾಕಷ್ಟು ಪ್ರಮಾಣದಲ್ಲಿ ರಕ್ತವನ್ನು ಸೇರಿ, ಅಲ್ಲಿಯೂ ಕರಗದೆ ಉಳಿಯಬೇಕು. ಬಹುಪಾಲು ತುಣುಕುಗಳು ಈ ಹಾದಿಯಲ್ಲೇ ಅಳಿದು ಸಾಮಾನ್ಯ ಅಮೈನೋ ಆಮ್ಲಗಳಾಗಿಬಿಡುತ್ತವೆ. ಹಾಗಾದಾಗ ದುಬಾರಿ ಪುಡಿಗೂ ಮನೆಯ ಹುಳಿಯ ಬೇಳೆಗೂ ದೇಹದ ದೃಷ್ಟಿಯಲ್ಲಿ ಹೆಚ್ಚಿನ ವ್ಯತ್ಯಾಸ ಉಳಿಯದು. ವರ್ಷವರ್ಷವೂ ಪ್ರಕಟವಾಗುವ ‘ಪೆಪ್ಟೈಡ್‌ನಲ್ಲಿ ರೋಗನಿರೋಧಕ ಗುಣ ಪತ್ತೆ’ ಎಂಬ ಬಗೆಯ ವರದಿಗಳಲ್ಲಿ ಬಹಳಷ್ಟು ಪ್ರನಾಳದಲ್ಲೋ ಇಲಿಗಳಲ್ಲೋ ನಿಂತಿರುತ್ತವೆ ಎಂಬುದನ್ನು ಓದುಗರು ನೆನಪಿಡುವುದು ಒಳಿತು.

ಎರಡನೆಯ ತೊಡಕು ಅಳತೆಯದು. ಆಹಾರದಲ್ಲಿನ ಪ್ರೋಟೀನನ್ನು 1883ರಲ್ಲಿ ರೂಪುಗೊಂಡ ಕೆಲ್ಡಾಲ್ ವಿಧಾನದಲ್ಲಿ, ಅಂದರೆ ಸಾರಜನಕವನ್ನು ಎಣಿಸಿ, ಇಂದಿಗೂ ಅಂದಾಜು ಮಾಡಲಾಗುತ್ತದೆ. ಸಾರಜನಕ ಎಲ್ಲಿಂದ ಬಂದರೂ ಈ ಲೆಕ್ಕದಲ್ಲಿ ಅದು ಪ್ರೋಟೀನೇ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಸೇರಿಸಿ ಈ ಪರೀಕ್ಷೆಯನ್ನು ವಂಚಿಸಿದಾಗ ಸುಮಾರು 3 ಲಕ್ಷ ಶಿಶುಗಳು ಅಸ್ವಸ್ಥಗೊಂಡವು, 6 ಶಿಶುಗಳು ಸತ್ತವು. ಅಗ್ಗದ ಅಮೈನೋ ಆಮ್ಲ ಬೆರೆಸಿ ಪ್ರೋಟೀನಿನ ಅಂಕಿಯನ್ನು ಉಬ್ಬಿಸುವುದು ಇದೇ ಜಾಣ್ಮೆಯ ಸೌಮ್ಯ ರೂಪ. ಕೇರಳದ ವೈದ್ಯರೊಬ್ಬರ ನೇತೃತ್ವದ ತಂಡ ನಮ್ಮ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಶೇ 70ರಷ್ಟು ಡಬ್ಬಿಗಳ ಮೇಲಿನ ಪ್ರೋಟೀನ್ ಪ್ರಮಾಣ ನಿಜಕ್ಕೆ ಹೊಂದಿರಲಿಲ್ಲ. ಕೆಲವುಗಳಲ್ಲಿ ಶಿಲೀಂಧ್ರ ವಿಷವೂ ಇತ್ತು. ಇಡೀ ಪ್ರೋಟೀನನ್ನೇ ಸರಿಯಾಗಿ ಅಳೆದು ಮಾರಲಾಗದ ಪೇಟೆಯಲ್ಲಿ, ಅದರೊಳಗಿನ ಮೂರು ಮಣಿಗಳ ತುಣುಕು ಇದೆಯೋ ಇಲ್ಲವೋ ಎಂದು ಪರೀಕ್ಷಿಸುವವರು ಯಾರು?

‘ಎ2’ ಹಾಲಿನ ಪ್ರಕರಣವೂ ವಾಸ್ತವವಾಗಿ ಪೆಪ್ಟೈಡ್‌ನ ಪ್ರಕರಣವೇ. ‘ಎ1’ ಬಗೆಯ ಬೀಟಾ ಕೇಸೀನ್ ಜೀರ್ಣವಾಗುವಾಗ ಏಳು ಅಮೈನೋ ಆಮ್ಲಗಳ ತುಣುಕೊಂದು ಬಿಡುಗಡೆಯಾಗಿ ರೋಗಗಳಿಗೆ ಕಾರಣವಾಗುತ್ತದೆಂಬುದು ವಾದ. 2009ರಲ್ಲಿ ಯುರೋಪಿನ ಪ್ರಾಧಿಕಾರ ಇದನ್ನು ಪರಿಶೀಲಿಸಿ, ಅಂಥ ಕಾರ್ಯ-ಕಾರಣ ಸಂಬಂಧ ದೃಢಪಟ್ಟಿಲ್ಲವೆಂದಿತ್ತು. ಆದರೂ ನಮ್ಮಲ್ಲಿ ಹಣೆಪಟ್ಟಿ ಬಂತು, ಬೆಲೆ ಏರಿತು, ನಿಯಂತ್ರಕರು ತಡೆಯಲು ಹೋಗಿ ಐದು ದಿನಗಳಲ್ಲಿ ಹಿಂದೆ ಸರಿದರು. ಆರೋಗ್ಯ ಪೂರಕಗಳಿಗೆ 2016ರಲ್ಲೂ, ಜಾಹೀರಾತು ಮತ್ತು ಹಕ್ಕುಸಾಧನೆಗಳಿಗೆ 2018ರಲ್ಲೂ ನಿಯಮಗಳು ರೂಪುಗೊಂಡಿವೆ. ಕೊರತೆ ಇರುವುದು ನಿಯಮದಲ್ಲಲ್ಲ, ಅದರ ಬೆನ್ನಿಗೆ ನಿಲ್ಲುವ ಸ್ಥೈರ್ಯದಲ್ಲಿ.

ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಆದ ಅನುಭವವಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು 75 ಪಾಲು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ 25 ಪಾಲು ಕಡಲೆ ಹಿಟ್ಟು ಬೆರೆಸಿದ ಬಹೂಪಯೋಗಿ ಆಹಾರವನ್ನು ರೂಪಿಸಿತು. ಎಮ್ಮೆಯ ಹಾಲಿಗೆ ಕಡಲೆಕಾಯಿ ಪ್ರೋಟೀನ್ ಸೇರಿಸಿದ ‘ಮಿಲ್ಟೋನ್’ ಕೂಡ ಅದರದೇ ಕೊಡುಗೆ. ಜಗತ್ತಿನ ಬಡದೇಶಗಳ ಮುಖ್ಯ ಸಮಸ್ಯೆ ಪ್ರೋಟೀನಿನ ಅಭಾವವೆಂದು ವಿಶ್ವಸಂಸ್ಥೆಯೇ ನಂಬಿದ್ದ ಕಾಲವದು. ಆದರೆ ಸಿ. ಗೋಪಾಲನ್, ಪಿ.ವಿ. ಸುಖಾತ್ಮೆ ಅವರಂಥ ಭಾರತೀಯ ತಜ್ಞರು, ಮಕ್ಕಳಿಗೆ ಹೊಟ್ಟೆ ತುಂಬ ಊಟವೇ ಇಲ್ಲದಿರುವುದು ಮೂಲ ಸಮಸ್ಯೆ, ಪ್ರೋಟೀನಿನ ಕೊರತೆ ಅದರ ಬೆನ್ನಿಗೆ ಬರುವಂಥದ್ದು ಎಂದು ವಾದಿಸಿದರು. 1974ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಈ ಇಡೀ ಪ್ರೋಟೀನ್ ಉತ್ಸಾಹವನ್ನು ಮಹಾ ಎಡವಟ್ಟೆಂದೇ ಕರೆದರು. ಹಸಿವಿಗೆ ಪುಡಿಯ ರೂಪದ ಉತ್ತರ ಹುಡುಕಿದ ಆ ಪ್ರಕರಣದ ಪಾಠವನ್ನು ಈಗ ಮರೆಯುವಂತಿಲ್ಲ.

ಹಾಗೆಂದು ಪೆಪ್ಟೈಡ್ ಸಂಶೋಧನೆಯೇ ಬೇಡವೆನ್ನುವುದೂ ವಿವೇಕವಲ್ಲ. ಎಣ್ಣೆ ತೆಗೆದ ಬಳಿಕ ಉಳಿಯುವ ಸೋಯಾ ಮತ್ತು ಕಡಲೆಕಾಯಿ ಹಿಂಡಿ, ದಾವಣಗೆರೆ-ಹಾವೇರಿ ಕಡೆಯ ಮೆಕ್ಕೆಜೋಳದಿಂದ ಪಿಷ್ಟ ತೆಗೆದಾಗ ಉಳಿಯುವ ಪ್ರೋಟೀನ್, ಕರಾವಳಿಯ ಮೀನು ಸಂಸ್ಕರಣೆಯ ತ್ಯಾಜ್ಯ, ಡೇರಿಗಳ ಹಾಲೊಡಕು ಇವೆಲ್ಲ ನಮ್ಮಲ್ಲಿರುವ ಕಚ್ಚಾವಸ್ತುಗಳು. ಇವುಗಳಿಂದ ರೋಗಿಗಳ ಆಹಾರವನ್ನು ತಯಾರಿಸುವುದು ಸಾಧ್ಯ. ಹಾಲು ಒಗ್ಗದ ಶಿಶುವಿಗೆ ಬೇಕಾದ ವಿಶೇಷ ಆಹಾರ ಇಂದು ಸಾಮಾನ್ಯ ಕುಟುಂಬಕ್ಕೆ ಕೈಗೆಟುಕದಷ್ಟು ದುಬಾರಿ. ಸಾರ್ವಜನಿಕ ಹಣದ ಸಂಶೋಧನೆ ಮೊದಲು ಅತ್ತ ತಿರುಗಬೇಕು. ಆರೋಗ್ಯವಂತರಿಗೆ ಮಾರುವ ಉತ್ಪನ್ನಗಳ ಮೇಲೆ ಆರೋಗ್ಯಲಾಭದ ಮಾತು ಬರೆಯಬೇಕಾದರೆ, ಅದೇ ಉತ್ಪನ್ನವನ್ನು ಅದೇ ಪ್ರಮಾಣದಲ್ಲಿ ಮನುಷ್ಯರಿಗೆ ಕೊಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಪ್ರಾಧಿಕಾರ ಕೇಳಬೇಕು. ಅದನ್ನು ಸಾರ್ವಜನಿಕರ ಮುಂದೆಯೂ ಇಡಬೇಕು. ಪ್ರೋಟೀನಿನ ಅಳತೆಗೆ ಸಾರಜನಕದ ಲೆಕ್ಕದ ಜೊತೆಗೆ ಅಮೈನೋ ಆಮ್ಲಗಳ ವಿವರವನ್ನೂ ಕಡ್ಡಾಯಗೊಳಿಸಬೇಕು.

ಉಳಿದವರ ಅಗತ್ಯ ಸರಳವಾದುದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. ಅಕ್ಕಿ-ರಾಗಿಗಳಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿ ಸಮೃದ್ಧವಾಗಿದೆ. ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ತೊಗರಿ ಹುಳಿ ಜೊತೆಯಾದುದರ ಪ್ರಯೋಜನ ಇದು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2024ರಲ್ಲಿ ಶಾಲಾಮಕ್ಕಳಿಗೆ ವಾರಕ್ಕೆ 6 ದಿನ ಮೊಟ್ಟೆ ನೀಡುವ ಯೋಜನೆ ಬಂದುದು, 2025ರ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆಗಳಿರುವ ಕಿಟ್ ಕೊಡಲು ಸಚಿವ ಸಂಪುಟ ತೀರ್ಮಾನಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆಗಳು. ಇವು ತಪ್ಪದೆ, ಸೋರದೆ ಅಂಗನವಾಡಿಯ ಮಗುವಿನಿಂದ ಹಿಡಿದು ಗರ್ಭಿಣಿಯವರೆಗೆ ತಲುಪುತ್ತಿವೆಯೇ ಎಂಬುದರ ಮೇಲೆ ಸರ್ಕಾರದ ಕಣ್ಣಿರಬೇಕು. ಪ್ರೋಟೀನಿನ ತುಣುಕುಗಳನ್ನು ಕತ್ತರಿಸುವ ಕಿಣ್ವಗಳು ಆ ಮಕ್ಕಳ ಹೊಟ್ಟೆಯಲ್ಲೂ ಇವೆ. ಕತ್ತರಿಸಲು ಬೇಕಾದ ಆಹಾರವನ್ನು ಒದಗಿಸುವುದು ಮೊದಲ ಕೆಲಸ.